ತಿಂಗಳಲ್ಲಿ ಅರ್ಧದಷ್ಟು ದಿನಗಳು ಊರೂರು ಸುತ್ತುವ ಕೆಲಸ: ಒಪ್ಪಿಕೊಳ್ಳಲಾ, ಬೇಡವಾ?

ಪ್ರಶ್ನೆ: ನನಗೆ 36 ವರ್ಷ. ಕಾರ್ಖಾನೆಗಳಿಗೆ ಯಂತ್ರ ಮಾರುವ ಕಂಪನಿಯಲ್ಲಿ ಕೆಲಸ. ಈಗ ಬಡ್ತಿ ಸಿಗುವ ಹಾಗಿದೆ. ಆದರೆ ಹೊಸ ಹುದ್ದೆಯಲ್ಲಿ ತಿಂಗಳಿಗೆ 12ರಿಂದ 15 ದಿನ ಓಡಾಟ ಇರುತ್ತದೆ. ಎರಡು ತಿಂಗಳಿಗೊಮ್ಮೆ ಬೇರೆ ಖಂಡಕ್ಕೂ ಹೋಗಬೇಕು. ಮನೆಯಲ್ಲಿ ಹೆಂಡತಿ ಮತ್ತು 6 ವರ್ಷದ ಮಗಳು ಇದ್ದಾರೆ. ಇದೇ ಕೆಲಸ ಮಾಡಿದ ಇಬ್ಬರನ್ನು ಕೇಳಿದೆ. ಒಬ್ಬರು "ಇಂಥ ಅವಕಾಶ ಬಿಡಬೇಡ" ಅಂದರು. ಇನ್ನೊಬ್ಬರು ಎರಡೇ ವರ್ಷಕ್ಕೆ ಸುಸ್ತಾಗಿ ಬಿಟ್ಟುಬಿಟ್ಟವರು. ಯಾರ ಮಾತು ನಂಬಲಿ? ಒಪ್ಪಿಕೊಂಡರೆ ಹೇಗೆ ನಿಭಾಯಿಸಲಿ?

ಉತ್ತರ: ಇಬ್ಬರ ಮಾತನ್ನೂ ನಂಬಿ. ಒಂದೇ ಹುದ್ದೆಯಲ್ಲಿ ಕೂತ ಇಬ್ಬರಿಗೆ ಇಷ್ಟು ಬೇರೆ ಅನುಭವ ಆಗುವುದನ್ನು ನಾನು ತುಂಬಾ ಸಲ ನೋಡಿದ್ದೇನೆ. ನಾನೇ 11 ವರ್ಷ ಹೀಗೆ ಓಡಾಡಿದವನು. ಆಮೇಲಿನ 9 ವರ್ಷ ಒಂದು ಕಂಪನಿಯಲ್ಲಿ ಬೇರೆಯವರ ಪ್ರಯಾಣ ಯೋಜಿಸುವ ಕೆಲಸ ನೋಡಿಕೊಂಡೆ. ಯಾರು ಹತ್ತು ವರ್ಷ ಬಾಳಿದರು, ಯಾರು ಎರಡು ವರ್ಷಕ್ಕೆ ಕೈಚೆಲ್ಲಿದರು ಅನ್ನುವುದನ್ನು ಹತ್ತಿರದಿಂದ ಕಂಡೆ. ಅವರ ಗಟ್ಟಿತನಕ್ಕಿಂತ ಜಾಸ್ತಿ ವ್ಯತ್ಯಾಸ ಮಾಡಿದ್ದು ಒಂದು ಸಂಖ್ಯೆ. ತಿಂಗಳಲ್ಲಿ ಎಷ್ಟು ರಾತ್ರಿ ಸ್ವಂತ ಹಾಸಿಗೆ ಬಿಟ್ಟು ಮಲಗಿದರು ಅನ್ನುವುದು.

ನಿಮಗೆ ಕಂಪನಿ ಹೇಳಿರುವುದು ದಿನಗಳ ಲೆಕ್ಕ. ನೀವು ರಾತ್ರಿಗಳ ಲೆಕ್ಕ ಕೇಳಿ. ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬಂದರೂ ಒಂದು ದಿನವೇ. ಸೋಮವಾರ ಬೆಳಿಗ್ಗೆಯ ಮೀಟಿಂಗಿಗೆ ಭಾನುವಾರ ಸಂಜೆ ಹೊರಟರೆ ಅದನ್ನೂ ಒಂದೇ ದಿನ ಅಂತ ಬರೆದುಕೊಳ್ಳುತ್ತಾರೆ. ಎರಡೂ ಒಂದೇ ಅಲ್ಲ, ಅಲ್ವಾ? 15 ದಿನದ ಓಡಾಟ ಅಂದರೆ 8 ರಾತ್ರಿ ಇರಬಹುದು, 18 ರಾತ್ರಿಯೂ ಇರಬಹುದು.

ರಾತ್ರಿಯನ್ನು ಇಷ್ಟು ಹಿಡಿದುಕೊಳ್ಳುವುದಕ್ಕೆ ಕಾರಣ ಇದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 18,000ಕ್ಕೂ ಹೆಚ್ಚು ಉದ್ಯೋಗಿಗಳ ಆರೋಗ್ಯ ತಪಾಸಣೆಯ ವಿವರಗಳನ್ನು ನೋಡಿ 2018ರಲ್ಲಿ ವರದಿ ಕೊಟ್ಟರು. ಅವರೂ ಲೆಕ್ಕ ಹಾಕಿದ್ದು ರಾತ್ರಿಗಳನ್ನೇ. ತಿಂಗಳಿಗೆ 1ರಿಂದ 6 ರಾತ್ರಿ ಹೊರಗೆ ಇರುವವರಿಗೆ ಹೋಲಿಸಿದರೆ, 14 ಅಥವಾ ಅದಕ್ಕಿಂತ ಜಾಸ್ತಿ ರಾತ್ರಿ ಹೊರಗೆ ಇರುವವರಲ್ಲಿ ನಿದ್ದೆಯ ತೊಂದರೆ, ಆತಂಕ, ಖಿನ್ನತೆಯ ಲಕ್ಷಣ, ಸಿಗರೇಟು, ವ್ಯಾಯಾಮ ಇಲ್ಲದಿರುವುದು ಎಲ್ಲವೂ ಹೆಚ್ಚಿತ್ತು. ಕುಡಿಯುವವರಲ್ಲಿ ಅದರ ಮೇಲಿನ ಅವಲಂಬನೆಯೂ ಹೆಚ್ಚಿತ್ತು. ಪ್ರಯಾಣವೇ ಇದಕ್ಕೆಲ್ಲ ಕಾರಣ ಅಂತ ಇಂಥ ಅಧ್ಯಯನ ಸಾಬೀತು ಮಾಡುವುದಿಲ್ಲ. ಆದರೆ ನಾನು ಕಂಡದ್ದಕ್ಕೆ ಇದು ತುಂಬಾ ಹತ್ತಿರ ಇದೆ. ತಿಂಗಳಿಗೆ ಐದಾರು ರಾತ್ರಿ ಓಡಾಡುವವರು ಬಹುತೇಕ ಖುಷಿಯಾಗಿಯೇ ಇದ್ದರು. ಹತ್ತು ದಾಟಿದ ಮೇಲೆ ಮುಖದಲ್ಲಿ ಗೊತ್ತಾಗುತ್ತಿತ್ತು.

ಇನ್ನೊಂದು ಹಳೆಯ ಅಧ್ಯಯನವನ್ನೂ ಹೇಳುತ್ತೇನೆ. ವಿಶ್ವ ಬ್ಯಾಂಕ್ ಸಿಬ್ಬಂದಿಯ ವೈದ್ಯಕೀಯ ವಿಮೆ ಕ್ಲೇಮುಗಳನ್ನು ಪರಿಶೀಲಿಸಿದ ವರದಿ 1997ರಲ್ಲಿ ಬಂತು. ಕೆಲಸಕ್ಕಾಗಿ ಬೇರೆ ದೇಶಗಳಿಗೆ ಹೋಗುತ್ತಿದ್ದ ಗಂಡಸರ ಕ್ಲೇಮುಗಳು ಹೋಗದವರಿಗಿಂತ 80% ಜಾಸ್ತಿ ಇದ್ದವು, ಹೆಂಗಸರದ್ದು 18% ಜಾಸ್ತಿ. ಸೋಂಕು ಹೆಚ್ಚಿರುವುದು ಯಾರಾದರೂ ಊಹಿಸುವ ಮಾತೇ. ಆದರೆ ಎಲ್ಲಕ್ಕಿಂತ ಹೆಚ್ಚಿನ ಏರಿಕೆ ಕಂಡದ್ದು ಮಾನಸಿಕ ತೊಂದರೆಗಳಲ್ಲಿ. ಪ್ರಯಾಣದ ಆರೋಗ್ಯ ಅಂದ ಕೂಡಲೇ ನಾವು ಲಸಿಕೆ, ಮಾತ್ರೆ ಡಬ್ಬಿ ನೆನೆಯುತ್ತೇವೆ. ಮನಸ್ಸಿನ ದಣಿವನ್ನು ಯಾರೂ ಪಟ್ಟಿಗೆ ಸೇರಿಸುವುದಿಲ್ಲ.

ಹೋಟೆಲಿನ ಮೊದಲ ರಾತ್ರಿ ಚೆನ್ನಾಗಿ ನಿದ್ದೆ ಬರಲ್ಲ ಅನ್ನುವುದು ನಿಮಗೂ ಗೊತ್ತಿರುತ್ತದೆ. ಅದು ನಿಮ್ಮ ಭ್ರಮೆಯಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿದ ಪ್ರಕಾರ, ಹೊಸ ಜಾಗದ ಮೊದಲ ರಾತ್ರಿ ಮೆದುಳಿನ ಒಂದು ಬದಿ ಇನ್ನೊಂದರಷ್ಟು ಗಾಢವಾಗಿ ಮಲಗುವುದಿಲ್ಲ. ಸಣ್ಣ ಸದ್ದಿಗೂ ಬೇಗ ಎಚ್ಚರವಾಗುತ್ತದೆ. ಗೊತ್ತಿಲ್ಲದ ಜಾಗದಲ್ಲಿ ಕಾವಲು ಕಾದ ಹಾಗೆ. ಇದನ್ನು ನಿಮ್ಮ ಕ್ಯಾಲೆಂಡರಿಗೆ ಹಚ್ಚಿ ನೋಡಿ. ಒಂದೇ ಹೋಟೆಲಿನಲ್ಲಿ ನಾಲ್ಕು ರಾತ್ರಿ ಉಳಿದರೆ ಒಂದು ಕೆಟ್ಟ ರಾತ್ರಿ. ನಾಲ್ಕು ಊರಿನ ನಾಲ್ಕು ಹೋಟೆಲಿನಲ್ಲಿ ಉಳಿದರೆ ನಾಲ್ಕೂ ಮೊದಲ ರಾತ್ರಿಗಳೇ. ವಾರದ ಕೊನೆಗೆ ಮನೆಗೆ ಬಂದಾಗ ಇಬ್ಬರೂ "ನಾಲ್ಕು ರಾತ್ರಿ ಹೊರಗೆ ಇದ್ದೆ" ಅನ್ನುತ್ತಾರೆ. ಒಬ್ಬರು ಮಗುವಿನ ಜೊತೆ ಆಡುತ್ತಾರೆ, ಇನ್ನೊಬ್ಬರು ಸೋಫಾದಲ್ಲೇ ನಿದ್ದೆ ಹೋಗುತ್ತಾರೆ.

ಹಾಗಾಗಿ ಸಾಧ್ಯವಾದಾಗಲೆಲ್ಲ ಒಂದು ಊರನ್ನು ನೆಲೆ ಮಾಡಿಕೊಂಡು, ಅಲ್ಲಿಂದ ಹಗಲು ಹೋಗಿ ಬರುವ ಹಾಗೆ ಯೋಜಿಸಿ. ಮತ್ತೆ ಮತ್ತೆ ಹೋಗುವ ಊರಲ್ಲಿ ಒಂದೇ ಹೋಟೆಲು ಹಿಡಿಯಿರಿ. ಲಿಫ್ಟಿನಿಂದ ದೂರದ ಕೋಣೆ ಕೇಳಿ. ನಾನು ಮನೆಯ ದಿಂಬಿನ ಕವರ್ ಒಯ್ಯುತ್ತಿದ್ದೆ. ಅದೇ ಬಟ್ಟೆ, ಅದೇ ವಾಸನೆ. ನನಗೆ ನಿಜವಾಗಿ ಉಪಯೋಗವಾಯಿತು, ನೀವೂ ಮಾಡಿ ನೋಡಿ. ಕೋಣೆಗೆ ಹೋದ ತಕ್ಷಣ ತುರ್ತು ಮೆಟ್ಟಿಲಿನವರೆಗೆ ಎಷ್ಟು ಬಾಗಿಲು ಅಂತ ಎಣಿಸಿಕೊಳ್ಳಿ. ಹೊಗೆ ತುಂಬಿದಾಗ ಕಣ್ಣು ಕಾಣಲ್ಲ, ಎಣಿಕೆ ನೆನಪಿರುತ್ತದೆ.

ಇನ್ನು ಬೇರೆ ಖಂಡದ ಪ್ರಯಾಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಅನುಭವ ಇರುವವರೂ ಇಲ್ಲಿ ತಪ್ಪು ಮಾಡುತ್ತಾರೆ.

ನಮ್ಮ ಮೆದುಳಿನಲ್ಲಿ ಒಂದು ಗಡಿಯಾರ ಇದೆ. ಅದನ್ನು ಹೊರಗಿನ ಗಂಟೆಗೆ ಹೊಂದಿಸುವುದು ಮುಖ್ಯವಾಗಿ ಕಣ್ಣಿಗೆ ಬೀಳುವ ಬೆಳಕು. ಸಮಯ ವಲಯ ಬದಲಾದರೆ ಅದು ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ಸರಿಯುತ್ತದೆ. 8 ಗಂಟೆ ವ್ಯತ್ಯಾಸದ ಊರಿಗೆ ಹೋದರೆ ಪೂರ್ತಿ ಹೊಂದಿಕೊಳ್ಳಲು ಒಂದು ವಾರವೇ ಬೇಕು. ಅಷ್ಟರಲ್ಲಿ ನೀವು ವಾಪಸ್ ಬಂದಿರುತ್ತೀರಿ. ಪೂರ್ವಕ್ಕೆ ಹೋಗುವುದು ಇನ್ನೂ ಕಷ್ಟ. ಬಹಳ ಜನರ ಒಳಗಿನ ಗಡಿಯಾರದ ಒಂದು ಸುತ್ತು 24 ಗಂಟೆಗಿಂತ ಸ್ವಲ್ಪ ಉದ್ದ. ತಡವಾಗಿ ಮಲಗುವುದು ಅದಕ್ಕೆ ಸುಲಭ, ಬೇಗ ಮಲಗುವುದು ಕಷ್ಟ. ಪಶ್ಚಿಮಕ್ಕೆ ಹೋದಾಗ ದಿನ ಉದ್ದವಾಗುತ್ತದೆ, ಪೂರ್ವಕ್ಕೆ ಹೋದಾಗ ಮೊಟಕಾಗುತ್ತದೆ.

ಎರಡು ಮೂರು ದಿನದ ಕೆಲಸಕ್ಕೆ ಹೋದರೆ ಅಲ್ಲಿನ ಸಮಯಕ್ಕೆ ಹೊಂದಿಕೊಳ್ಳಲು ಹೋಗಲೇಬೇಡಿ. ಸುಮ್ನೆ ಎರಡೂ ಕಡೆ ಕೆಡುತ್ತದೆ. ಅದರ ಬದಲು ಮೀಟಿಂಗನ್ನೇ ನಿಮ್ಮ ದೇಹ ಎಚ್ಚರವಾಗಿರುವ ಹೊತ್ತಿಗೆ ಹಾಕಿಸಿಕೊಳ್ಳಿ. 8 ಗಂಟೆ ಪೂರ್ವಕ್ಕೆ ಹೋಗಿದ್ದೀರಿ ಅಂದುಕೊಳ್ಳಿ. ಅಲ್ಲಿ ಬೆಳಿಗ್ಗೆ 9 ಗಂಟೆ ಆದಾಗ ನಿಮ್ಮ ದೇಹಕ್ಕೆ ರಾತ್ರಿ 1 ಗಂಟೆ. ಆ ಹೊತ್ತಿನಲ್ಲಿ ಬೆಲೆ ಮಾತಾಡಲು ಕೂತವರು ಏನೇನು ಒಪ್ಪಿಕೊಂಡು ಬಂದಿದ್ದಾರೆ ಅನ್ನುವುದನ್ನು ನಾನು ಕಂಡಿದ್ದೇನೆ. ಅಲ್ಲಿನ ಸಂಜೆ 4 ಅಂದರೆ ನಿಮಗೆ ಬೆಳಿಗ್ಗೆ 8. ಅದನ್ನು ಕೇಳಿ. ಪಶ್ಚಿಮಕ್ಕೆ 8 ಗಂಟೆ ಹೋದರೆ ಉಲ್ಟಾ. ಅಲ್ಲಿನ ಬೆಳಿಗ್ಗೆ 8 ನಿಮಗೆ ಸಂಜೆ 4, ತಲೆ ಚೆನ್ನಾಗಿ ಓಡುತ್ತದೆ. ಮಧ್ಯಾಹ್ನ ಆಗುತ್ತಿದ್ದಂತೆ ಕಣ್ಣು ಎಳೆಯುತ್ತದೆ. ಪೂರ್ವಕ್ಕೆ ಹೋದರೆ ಸಂಜೆ, ಪಶ್ಚಿಮಕ್ಕೆ ಹೋದರೆ ಬೆಳಿಗ್ಗೆ. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಒಂದು ವಾರಕ್ಕಿಂತ ಹೆಚ್ಚು ಇರುವುದಾದರೆ ಮಾತ್ರ ಹೊಂದಿಕೊಳ್ಳಿ. ಆಗ "ಇಳಿದ ಕೂಡಲೇ ಬಿಸಿಲಿಗೆ ಹೋಗು" ಅನ್ನುವ ಸಲಹೆ ಎಲ್ಲರೂ ಕೊಡುತ್ತಾರೆ. ಅದು ಕೆಲವು ಸಲ ಪೂರ್ತಿ ತಪ್ಪು. ನೀವು ಮಾಮೂಲಾಗಿ ಏಳುವ ಹೊತ್ತಿಗೆ ಎರಡು ಮೂರು ಗಂಟೆ ಮುಂಚೆ, ಅಂದರೆ ಸುಮಾರು ಬೆಳಗಿನ ಜಾವ 4ಕ್ಕೆ, ದೇಹದ ಉಷ್ಣತೆ ತೀರಾ ಕೆಳಗಿರುತ್ತದೆ. ಅದಕ್ಕಿಂತ ಮುಂಚೆ ಬೆಳಕು ಬಿದ್ದರೆ ಗಡಿಯಾರ ಹಿಂದಕ್ಕೆ ಹೋಗುತ್ತದೆ, ಆಮೇಲೆ ಬಿದ್ದರೆ ಮುಂದಕ್ಕೆ. 8 ಗಂಟೆ ಪೂರ್ವಕ್ಕೆ ಹೋದಾಗ ನಿಮ್ಮ ಬೆಳಗಿನ ಜಾವದ 4 ಅಲ್ಲಿನ ಮಧ್ಯಾಹ್ನ 12. ಹಾಗಾಗಿ ಮೊದಲ ದಿನ ಮಧ್ಯಾಹ್ನದವರೆಗೆ ತಂಪು ಕನ್ನಡಕ ಹಾಕಿಕೊಂಡು ನೆರಳಲ್ಲಿರಿ. ಮಧ್ಯಾಹ್ನದ ಮೇಲೆ ಹೊರಗೆ ನಡೆಯಿರಿ. ಮಾರನೆಯ ದಿನ ಈ ಗಡಿಯನ್ನು ಒಂದು ಗಂಟೆ ಮುಂಚೆಗೆ ತನ್ನಿ. ಮೆಲಟೋನಿನ್ (ನಿದ್ದೆಯ ಹೊತ್ತನ್ನು ದೇಹಕ್ಕೆ ತಿಳಿಸುವ ಹಾರ್ಮೋನು) ಮಾತ್ರೆ ಕೆಲವರಿಗೆ ಸಹಾಯ ಮಾಡುತ್ತದೆ, ಆದರೆ ಅದನ್ನು ಯಾವ ಹೊತ್ತಿಗೆ ತೆಗೆದುಕೊಳ್ಳುತ್ತೀರಿ ಅನ್ನುವುದೇ ಮುಖ್ಯ. ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ.

ವಿಮಾನದೊಳಗಿನ ಗಾಳಿಯ ಬಗ್ಗೆಯೂ ತಿಳಿದಿರಲಿ. ಕ್ಯಾಬಿನ್ನಿನ ಒತ್ತಡ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿನ ಮಟ್ಟಕ್ಕೆ ಇಳಿಯಬಹುದು. ಬೋಯಿಂಗ್ 787, ಏರ್‌ಬಸ್ ಎ350 ಥರದ ಹೊಸ ವಿಮಾನಗಳಲ್ಲಿ ಅದು ಸುಮಾರು 1,800 ಮೀಟರ್ ಆಸುಪಾಸು ಇರುತ್ತದೆ, ಅದಕ್ಕೇ ದೂರದ ಪ್ರಯಾಣಕ್ಕೆ ನಾನು ಅವನ್ನು ಹುಡುಕುತ್ತಿದ್ದೆ. ಮದ್ಯ ಕುಡಿದು ಮಲಗಿದರೆ ಚೆನ್ನಾಗಿ ನಿದ್ದೆ ಬರುತ್ತದೆ ಅಂತ ಅನೇಕರ ನಂಬಿಕೆ. ಜರ್ಮನಿಯ ಏರೋಸ್ಪೇಸ್ ಕೇಂದ್ರದ ಸಂಶೋಧಕರು ಇದನ್ನೇ ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದರು. ಕ್ಯಾಬಿನ್ನಿನಂಥ ಕಡಿಮೆ ಒತ್ತಡದಲ್ಲಿ ಕುಡಿದು ಮಲಗಿದ ಆರೋಗ್ಯವಂತ ಯುವಕ ಯುವತಿಯರಲ್ಲೂ ರಕ್ತದ ಆಮ್ಲಜನಕ ಇಳಿದು, ಎದೆಬಡಿತ ಏರಿ, ಗಾಢ ನಿದ್ದೆ ಕಡಿಮೆಯಾಗಿತ್ತು. ನನ್ನ ಮಾತು ಕೇಳುವುದಾದರೆ ವಿಮಾನದಲ್ಲಿ ಬೇಡವೇ ಬೇಡ.

ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯವನ್ನು ವಿಶ್ವ ಆರೋಗ್ಯ ಸಂಸ್ಥೆ 2007ರ ವರದಿಯಲ್ಲಿ ಹೇಳಿದೆ. 4 ಗಂಟೆ ಅಥವಾ ಹೆಚ್ಚು ಹೊತ್ತು ಕೂತು ಪ್ರಯಾಣ ಮಾಡಿದರೆ ಅಪಾಯ ಸುಮಾರು ಎರಡು ಪಟ್ಟು ಆಗುತ್ತದೆ. ಆದರೂ ಅದು 6,000 ಜನರಲ್ಲಿ ಒಬ್ಬರಿಗೆ ಆಗುವಷ್ಟು ಅಪರೂಪ, ಹೆದರಬೇಡಿ. ನಿಮಗೆ ಸಂಬಂಧಿಸಿದ ವಿಷಯ ಬೇರೆ. ಆ ಅಪಾಯ ಇಳಿದ ಕೂಡಲೇ ಹೋಗುವುದಿಲ್ಲ, ಸುಮಾರು 4 ವಾರ ಉಳಿದಿರುತ್ತದೆ. ಮೇಲಿಂದ ಮೇಲೆ ಹಾರುವವರಿಗೆ ಅಪಾಯ ಜಾಸ್ತಿ ಆಗುವುದು ಅದಕ್ಕೇ. ಎದ್ದು ಓಡಾಡಿ, ಕಾಲು ಅಲ್ಲಾಡಿಸುತ್ತಿರಿ. ಒಂದೇ ಕಾಲು ಊದಿಕೊಂಡು ನೋವು ಬಂದರೆ, ಅಥವಾ ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟಿದರೆ ಆ ದಿನವೇ ವೈದ್ಯರ ಬಳಿ ಹೋಗಿ.

ಈಗ ನಿಮ್ಮ ಮೊದಲ ಸಹೋದ್ಯೋಗಿಯ ಮಾತಿಗೆ ಬರುತ್ತೇನೆ. ಅವರ ಖುಷಿಯಲ್ಲಿ ಲೌಂಜು, ಮೈಲು, ಚಿನ್ನದ ಬಣ್ಣದ ಕಾರ್ಡು ಇದ್ದೇ ಇರುತ್ತದೆ. ಮೈಲು ಅಂದರೆ ಹಾರಿದ್ದಕ್ಕೆ ವಿಮಾನ ಕಂಪನಿ ಕೊಡುವ ಅಂಕ; ಜಾಸ್ತಿ ಹಾರುವವರಿಗೆ ಮೇಲಿನ ದರ್ಜೆಯ ಕಾರ್ಡು ಕೊಡುತ್ತಾರೆ. ಅಮೆರಿಕನ್ ಏರ್‌ಲೈನ್ಸ್ 1981ರಲ್ಲಿ ತನ್ನ ಮೈಲು ಯೋಜನೆ ಶುರು ಮಾಡಿದ ಮೇಲೆ ಉಳಿದ ದೊಡ್ಡ ಕಂಪನಿಗಳೂ ಆ ದಾರಿ ಹಿಡಿದವು. ಮೊದಲು ಎಷ್ಟು ದೂರ ಹಾರಿದಿರೋ ಅಷ್ಟು ಮೈಲು ಸಿಗುತ್ತಿತ್ತು. 2015ರಲ್ಲಿ ಡೆಲ್ಟಾ ಮತ್ತು ಯುನೈಟೆಡ್ ಕಂಪನಿಗಳು ಖರ್ಚು ಮಾಡಿದ ಹಣಕ್ಕೆ ತಕ್ಕಂತೆ ಕೊಡಲು ಶುರು ಮಾಡಿದವು. ಮೈಲು ಕೂಡಿಡುವುದರಲ್ಲಿ ತಪ್ಪಿಲ್ಲ. ಮೇಲಿನ ದರ್ಜೆಯ ಕಾರ್ಡಿನ ನಿಜವಾದ ಬೆಲೆ ತಿಳಿಯುವುದು ವಿಮಾನ ರದ್ದಾದ ರಾತ್ರಿ. ಮುನ್ನೂರು ಜನ ಸಾಲಿನಲ್ಲಿ ನಿಂತಿರುವಾಗ ವಿಮಾನ ಕಂಪನಿಯವರು ನಿಮ್ಮ ಕರೆಗೆ ಬೇಗ ಉತ್ತರಿಸುತ್ತಾರೆ. ಆದರೆ ಮೈಲು ನಿಮ್ಮ ದಾರಿಯನ್ನು ನಿರ್ಧರಿಸುವ ಹಾಗೆ ಆಗಬಾರದು. ನೇರ ವಿಮಾನ ಬಿಟ್ಟು, ಮೈಲಿಗಾಗಿ ಬದಲಿ ವಿಮಾನ ಹಿಡಿದು, ಮಧ್ಯದ ಊರಲ್ಲಿ ರಾತ್ರಿ ಕಳೆದವರನ್ನು ನಾನು ಪ್ರತಿ ತಿಂಗಳೂ ನೋಡುತ್ತಿದ್ದೆ. ವರ್ಷದ ಕೊನೆಗೆ ದರ್ಜೆ ಉಳಿಸಿಕೊಳ್ಳಲು ಕೆಲಸವೇ ಇಲ್ಲದೆ ಹಾರಿ ಬಂದವರನ್ನೂ ನೋಡಿದ್ದೇನೆ. ಅವರು ಕೊಟ್ಟದ್ದು ಮನೆಯ ರಾತ್ರಿಗಳನ್ನು.

ಟಿಕೆಟ್ ವಿಷಯದಲ್ಲಿ ಎರಡು ಮಾತು. ವಿಮಾನ ಬದಲಿಸಬೇಕಾದರೆ ಎರಡನ್ನೂ ಒಂದೇ ಟಿಕೆಟಿನಲ್ಲಿ ಮಾಡಿಸಿ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದೆ ಕಳುಹಿಸುವ ಹೊಣೆ ವಿಮಾನ ಕಂಪನಿಯದ್ದಾಗುತ್ತದೆ. ಬೇರೆ ಬೇರೆ ಟಿಕೆಟ್ ಆದರೆ ನಿಮ್ಮ ಪಾಡು ನಿಮಗೆ. ಮತ್ತು ತಪ್ಪಿಸಲಾಗದ ಮೀಟಿಂಗ್ ಇದ್ದರೆ ದಿನದ ಮೊದಲ ವಿಮಾನವೇ ಒಳ್ಳೆಯದು, ಯಾಕೆಂದರೆ ತಡ ಅನ್ನುವುದು ದಿನ ಏರಿದಂತೆ ಒಂದರ ಮೇಲೊಂದು ಕೂಡುತ್ತಾ ಹೋಗುತ್ತದೆ. ಉಳಿದ ದಿನ ಅದಕ್ಕಾಗಿ ರಾತ್ರಿ 3ಕ್ಕೆ ಏಳಬೇಡಿ. ಬ್ಯಾಗಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚಾರ್ಜರ್, ಹಲ್ಲುಜ್ಜುವ ಬ್ರಷ್, ಮಾತ್ರೆಗಳು ಎರಡನೇ ಜೊತೆ ಇರಲಿ, ಅದು ಬ್ಯಾಗಿನಿಂದ ಹೊರಗೆ ಬರುವುದೇ ಬೇಡ. ಪವರ್ ಬ್ಯಾಂಕ್ ಯಾವಾಗಲೂ ಕೈಚೀಲದಲ್ಲಿ.

ನಿಮ್ಮ ಕೆಲಸಕ್ಕೆ ಹತ್ತಿರದ ಇನ್ನೊಂದು ಎಚ್ಚರಿಕೆ. ನೀವು ಯಂತ್ರ ಮಾರುವವರು. ಬಿಸಿನೆಸ್ ವೀಸಾದಲ್ಲಿ ಮಾತುಕತೆ, ಮೀಟಿಂಗ್ ಮಾಡಬಹುದು. ಆದರೆ ಗಿರಾಕಿಯ ಕಾರ್ಖಾನೆಯಲ್ಲಿ ಸ್ಪ್ಯಾನರ್ ಹಿಡಿದರೆ ಅನೇಕ ದೇಶಗಳಲ್ಲಿ ಅದು ಕೆಲಸ ಅಂತಲೇ ಲೆಕ್ಕ, ಬೇರೆ ಪರವಾನಗಿ ಬೇಕು. ಯುರೋಪಿನ ಷೆಂಗೆನ್ ದೇಶಗಳಲ್ಲಿ (ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಗುಂಪು) ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು, ಬಂದ ದಿನವೂ ಹೊರಟ ದಿನವೂ ಅದರಲ್ಲಿ ಸೇರುತ್ತವೆ. ಒಂದೇ ದೇಶದಲ್ಲಿ 183 ದಿನ ದಾಟಿದರೆ ತೆರಿಗೆಯ ಪ್ರಶ್ನೆ ಏಳಬಹುದು. ಈ ಲೆಕ್ಕವನ್ನು ಕಂಪನಿ ಇಟ್ಟರೂ ನೀವೂ ಇಟ್ಟುಕೊಳ್ಳಿ. ಗಡಿಯಲ್ಲಿ ಉತ್ತರ ಹೇಳುವವರು ನೀವು.

ನಿಮ್ಮ ಎರಡನೇ ಸಹೋದ್ಯೋಗಿ ಯಾಕೆ ಸುಸ್ತಾದರು? ನನ್ನ ಊಹೆ ಹೇಳುತ್ತೇನೆ. ಅವರನ್ನು ದಣಿಸಿದ್ದು ಬರೀ ವಿಮಾನ ಅಲ್ಲ. ಓಡಾಡುವವರು ಎರಡು ಕೆಲಸ ಮಾಡುತ್ತಾರೆ. ಹಗಲು ಗಿರಾಕಿಯ ಜೊತೆ. ರಾತ್ರಿ ಕೋಣೆಗೆ ಬಂದು ಆಫೀಸಿನ ಇಮೇಲು, ಬಿಲ್ಲುಗಳು, ಒಪ್ಪಿಗೆಗಳು. ಮೇಜಿನ ಕೆಲಸ ಒಂದಿಷ್ಟೂ ಕಡಿಮೆಯಾಗದೆ ಓಡಾಟ ಮೇಲೆ ಸೇರಿಕೊಂಡಾಗ ಯಾರೂ ಬಾಳುವುದಿಲ್ಲ. ಆದ್ದರಿಂದ ಮೇಲಿನವರ ಜೊತೆ ಕೂತಾಗ ಮೊದಲು ಕೇಳಬೇಕಾದದ್ದು ಇದು: ನಾನು ಹೊರಗೆ ಇರುವ ದಿನ ಇಲ್ಲಿ ಯಾವ ಕೆಲಸ ನಿಲ್ಲುತ್ತದೆ, ಯಾವುದು ಬೇರೆಯವರಿಗೆ ಹೋಗುತ್ತದೆ? ಹೆಸರು ಹೇಳಿ ಅಂತ ಕೇಳಿ. "ನೋಡಿಕೊಳ್ಳೋಣ" ಅಂದರೆ ಆ ಕೆಲಸ ನಿಮ್ಮ ಹೋಟೆಲ್ ಕೋಣೆಗೇ ಬರುತ್ತದೆ.

ಪ್ರಯಾಣದ ಹೊತ್ತನ್ನು ಕೆಲಸದ ಹೊತ್ತು ಅಂತ ಕೇಳಲು ಸಂಕೋಚ ಬೇಡ. ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2015ರಲ್ಲಿ, ಖಾಯಂ ಆಫೀಸೇ ಇಲ್ಲದ ನೌಕರರು ಮನೆಯಿಂದ ದಿನದ ಮೊದಲ ಗಿರಾಕಿಯ ಬಳಿ ಹೋಗುವ ಮತ್ತು ಕೊನೆಯ ಗಿರಾಕಿಯಿಂದ ಮನೆಗೆ ಬರುವ ಹೊತ್ತೂ ಕೆಲಸದ ಹೊತ್ತೇ ಎಂದು ತೀರ್ಪು ಕೊಟ್ಟಿತು. ನಿಮಗೆ ಅದು ಅನ್ವಯಿಸದೆ ಇರಬಹುದು. ಆದರೆ ಭಾನುವಾರ ಸಂಜೆ ಹೊರಟರೆ ಬದಲಿ ರಜೆ ಕೇಳುವುದು ದುರಾಸೆಯಲ್ಲ. ಎಲ್ಲದಕ್ಕೂ ಹೋಗಲೇಬೇಕು ಅಂತಲೂ ಇಲ್ಲ. ಮೊದಲ ಭೇಟಿ, ಜಗಳ ಬಗೆಹರಿಸುವುದು, ಯಂತ್ರವನ್ನು ಕಣ್ಣಾರೆ ನೋಡಬೇಕಾದದ್ದು, ಇವಕ್ಕೆ ಹೋಗಿ. ತಿಂಗಳ ಪ್ರಗತಿ ಹೇಳುವುದಕ್ಕೆ ವಿಡಿಯೋ ಕರೆ ಸಾಕು.

ಮನೆಯ ವಿಷಯವನ್ನು ಕೊನೆಗೆ ಇಟ್ಟಿದ್ದೇನೆ, ಇದು ನನಗೆ ಹೇಳಲು ಸ್ವಲ್ಪ ಕಷ್ಟ. ನಾನು ಓಡಾಡುತ್ತಿದ್ದ ವರ್ಷಗಳಲ್ಲಿ ನನ್ನ ಮಗ ಚಿಕ್ಕವನು. ನಾನು ಬಂದ ದಿನ ಮನೆ ನನ್ನ ಸುತ್ತ ತಿರುಗಬೇಕು ಅಂದುಕೊಳ್ಳುತ್ತಿದ್ದೆ. ಆದರೆ ನಾನಿಲ್ಲದ ನಾಲ್ಕು ದಿನದಲ್ಲಿ ಅವರಿಬ್ಬರೂ ಒಂದು ಲಯ ಮಾಡಿಕೊಂಡಿರುತ್ತಿದ್ದರು. ಎಷ್ಟು ಹೊತ್ತಿಗೆ ಊಟ, ಯಾವ ಕಥೆ, ದೀಪ ಯಾವಾಗ ಆರಿಸುವುದು. ನಾನು ಬಂದು ಅದನ್ನು ಸರಿಪಡಿಸಲು ಹೋಗುತ್ತಿದ್ದೆ. ಒಂದು ದಿನ ಮಗ ಅವನ ಅಮ್ಮನನ್ನು ಕೇಳಿದ, "ಅಪ್ಪ ಮತ್ತೆ ಯಾವಾಗ ಹೋಗ್ತಾರೆ?" ಸಿಟ್ಟಿನಿಂದ ಕೇಳಿದ್ದಲ್ಲ, ಸುಮ್ನೆ ತಿಳಿದುಕೊಳ್ಳಲು ಕೇಳಿದ್ದು. ಆ ಮಾತು ನನಗೆ ಇವತ್ತಿಗೂ ಮರೆತಿಲ್ಲ. ಅಂದಿನಿಂದ ಮೊದಲ ಸಂಜೆ ಅವರ ಲಯಕ್ಕೆ ನಾನು ಹೊಂದಿಕೊಳ್ಳಲು ಕಲಿತೆ. ಬಂದ ಮಾರನೆಯ ದಿನ ಆಫೀಸಿಗೆ ಹೋಗದೆ ಮಗನನ್ನು ಶಾಲೆಗೆ ಬಿಟ್ಟು ಬರುವುದನ್ನು ರೂಢಿ ಮಾಡಿಕೊಂಡೆ. ಇದನ್ನು ನಾಲ್ಕು ವರ್ಷ ಮುಂಚೆಯೇ ಮಾಡಬೇಕಿತ್ತು.

ನಿಮ್ಮ ಮಗಳಿಗೆ 6 ವರ್ಷ. ಆ ವಯಸ್ಸಿಗೆ "ಗುರುವಾರ ಬರ್ತೀನಿ" ಅನ್ನುವುದಕ್ಕಿಂತ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಬಣ್ಣ ಹಚ್ಚಿದ ಚೌಕ ಚೆನ್ನಾಗಿ ಅರ್ಥವಾಗುತ್ತದೆ. ದಿನಾ ಒಂದೇ ಹೊತ್ತಿಗೆ ಕರೆ ಮಾಡಿ, ಐದು ನಿಮಿಷ ಆದರೂ ಸರಿ. ಮೂರು ದಿನ ಮಾಡದೆ ನಾಲ್ಕನೇ ದಿನ ಒಂದು ಗಂಟೆ ಮಾತಾಡುವುದಕ್ಕಿಂತ ಅದು ಮೇಲು. ಹಾಗೆಯೇ ಈ ಬಡ್ತಿಗೆ ನೀವೊಬ್ಬರೇ ಹೂಂ ಅನ್ನಬೇಡಿ. ನೀವು ಹೊರಗೆ ಇರುವ ಪ್ರತಿ ರಾತ್ರಿ ಮಗುವಿನ ಜ್ವರ, ಕೆಟ್ಟ ನಲ್ಲಿ, ಶಾಲೆಯ ಚೀಟಿ ಎಲ್ಲ ನೋಡಿಕೊಳ್ಳುವವರು ನಿಮ್ಮ ಹೆಂಡತಿ. ಅವರ ಕೆಲಸವೂ ಈ ನಿರ್ಧಾರದೊಳಗೇ ಇದೆ.

ನನ್ನನ್ನು ಕೇಳಿದರೆ, ಈ ಷರತ್ತುಗಳ ಮೇಲೆ ಒಪ್ಪಿಕೊಳ್ಳಬಹುದು: ತಿಂಗಳಿಗೆ 10 ರಾತ್ರಿ ದಾಟಬಾರದು. ಬೇರೆ ಖಂಡಕ್ಕೆ ಇಳಿದ ದಿನ ಮುಖ್ಯ ಮೀಟಿಂಗ್ ಇರಬಾರದು. ವಾಪಸ್ ಬಂದ ಮಾರನೆಯ ದಿನ ನಿಮ್ಮದು. ಆರು ತಿಂಗಳ ನಂತರ ಮತ್ತೆ ಕೂತು ಮಾತಾಡಬೇಕು. ಎಲ್ಲವೂ ಬರವಣಿಗೆಯಲ್ಲಿ ಇರಲಿ. ಬಾಯಿಮಾತು ಮ್ಯಾನೇಜರ್ ಬದಲಾದ ದಿನ ಮುಗಿಯುತ್ತದೆ.

ಉತ್ತರ ಹೇಳುವ ಮುಂಚೆ ಒಂದು ಕೆಲಸ ಮಾಡಿ. ಈ ಹುದ್ದೆಯಲ್ಲಿ ಮುಂಚೆ ಇದ್ದವರ ಹಿಂದಿನ ಮೂರು ತಿಂಗಳ ಕ್ಯಾಲೆಂಡರ್ ಕೇಳಿ ಪಡೆಯಿರಿ. ಹೊರಗೆ ಕಳೆದ ರಾತ್ರಿಗಳಿಗೆ ಒಂದು ಬಣ್ಣ, ಹೊಸ ಹೋಟೆಲಿನ ಮೊದಲ ರಾತ್ರಿಗಳಿಗೆ ಇನ್ನೊಂದು ಬಣ್ಣ ಹಚ್ಚಿ, ಭಾನುವಾರಗಳಿಗೆ ಸುತ್ತು ಹಾಕಿ. ಅದನ್ನು ಮನೆಯಲ್ಲಿ ಇಬ್ಬರೂ ಕೂತು ನೋಡಿ. ಕ್ಯಾಲೆಂಡರ್ ಕೊಡಲು ಕಂಪನಿ ಹಿಂದೇಟು ಹಾಕಿದರೆ ನನಗೆ ಮತ್ತೆ ಬರೆಯಿರಿ, ಹೇಗೆ ಕೇಳಬೇಕು ಅಂತ ಹೇಳುತ್ತೇನೆ.